ಹದಿನೈದನೆಯ ಸುತ್ತಿನ ಗಂಟೆ: ‘ರಾಕಿ’ ಚಿತ್ರದ ಬಾಳಿಕೆಯನ್ನು ಕುರಿತು

1

ಜನಪ್ರಿಯ ಕೃತಿಯೊಂದು ದೀರ್ಘಕಾಲ ಬಾಳಿದಾಗ, ಅದರ ಬಾಳಿಕೆಗೆ ಲೋಕವು ಮುಂದಿಡುವ ಕಾರಣವೇ ನಿಜವಾದ ಕಾರಣವಾಗಿರಬೇಕೆಂದಿಲ್ಲ. 1976ರ ಕೊನೆಯಲ್ಲಿ ತೆರೆಕಂಡ ‘ರಾಕಿ’ ಎಂಬ ಅಮೆರಿಕದ ಚಲನಚಿತ್ರ ಈ ಮಾತಿಗೆ ಒಳ್ಳೆಯ ನಿದರ್ಶನ. ಆ ಚಿತ್ರವನ್ನು ನೋಡದವರಿಗೂ ಅದರ ಒಂದು ದೃಶ್ಯ ಪರಿಚಿತವಾಗಿದೆ. ಬೂದುಬಣ್ಣದ ಒರಟು ಉಡುಪು ತೊಟ್ಟ ಯುವಕನೊಬ್ಬ ಫಿಲಡೆಲ್ಫಿಯಾ ನಗರದ ಕಲಾ ಸಂಗ್ರಹಾಲಯದ 72 ಮೆಟ್ಟಿಲುಗಳನ್ನು ಓಡುತ್ತ ಏರುತ್ತಾನೆ. ನಗರದ ಕಡೆಗೆ ತಿರುಗಿ ಎರಡೂ ಕೈಗಳನ್ನು ಮೇಲೆತ್ತಿ ಕುಣಿಯುತ್ತಾನೆ. ಈ ಒಂದು ದೃಶ್ಯದ ಬಲದಿಂದ ‘ರಾಕಿ’ಯು ದುರ್ಬಲನು ಪ್ರಬಲನನ್ನು ಗೆದ್ದ ಕಥೆಯೆಂದು ಲೋಕದ ನೆನಪಿನಲ್ಲಿ ನಿಂತುಬಿಟ್ಟಿದೆ.

ಆದರೆ ಚಿತ್ರದಲ್ಲಿ ರಾಕಿ ಗೆಲ್ಲುವುದಿಲ್ಲ. ಹದಿನೈದು ಸುತ್ತುಗಳ ಕಾದಾಟ ಮುಗಿದ ಮೇಲೆ ತೀರ್ಪುಗಾರರು ಏಕಮತಕ್ಕೆ ಬಾರದಿದ್ದರೂ ಬಹುಮತದಿಂದ ಎದುರಾಳಿಯನ್ನೇ ವಿಜಯಿಯೆಂದು ಸಾರುತ್ತಾರೆ. ಸೋಲಿನಲ್ಲಿ ಮುಗಿಯುವ ಕಥೆಯನ್ನು ಲೋಕವು ಗೆಲುವಿನ ಕಥೆಯಾಗಿ ನೆನಪಿಟ್ಟುಕೊಂಡದ್ದು ಏಕೆ? ಈ ತಪ್ಪು ನೆನಪಿಗೂ ಚಿತ್ರದ ಬಾಳಿಕೆಗೂ ಇರುವ ಸಂಬಂಧ ಯಾವ ಬಗೆಯದು? ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಈ ಪ್ರಶ್ನೆಗಳನ್ನು. ಗೆಲುವಿನ ಅಳತೆಗೋಲನ್ನೇ ಬದಲಿಸಿದ್ದು ಈ ಚಿತ್ರದ ಜೀವ. ಆ ಹೊಸ ಅಳತೆಗೋಲಿಗೆ ತೆರಬೇಕಾದ ಬೆಲೆಯನ್ನು ಅರ್ಧ ಕಾಣಿಸಿ ಅರ್ಧ ಮರೆಸಿದ್ದು ಅದರ ಮಿತಿ. ಬಾಳಿಕೆಯ ಕಾರಣವನ್ನು ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹುಡುಕಬೇಕು ಎಂಬುದು ನಮ್ಮ ನಿಲುವು.

2

ಮೊದಲು ಚಿತ್ರದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. 1975ರ ಮಾರ್ಚ್ 24ರಂದು ಓಹಾಯೊ ರಾಜ್ಯದಲ್ಲಿ ವಿಶ್ವ ಹೆವಿವೇಯ್ಟ್ ಚಾಂಪಿಯನ್ ಮುಹಮ್ಮದ್ ಅಲಿಯವರಿಗೂ ನ್ಯೂಜರ್ಸಿಯ ಬೇಯೊನ್ ಊರಿನ ಚಕ್ ವೆಪ್ನರ್ ಅವರಿಗೂ ಸ್ಪರ್ಧೆ ನಡೆಯಿತು. ವೆಪ್ನರ್ ಗೆಲ್ಲುವರೆಂದು ಯಾರೂ ಎಣಿಸಿರಲಿಲ್ಲ. ಕೆಲವು ಸುತ್ತುಗಳಾದರೂ ನಿಲ್ಲುವರೆಂಬ ನಂಬಿಕೆಯೂ ಹೆಚ್ಚಿನವರಿಗೆ ಇರಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದರು. ಹದಿನೈದನೆಯ ಸುತ್ತು ಮುಗಿಯಲು 19 ಸೆಕೆಂಡುಗಳಷ್ಟೇ ಉಳಿದಿದ್ದಾಗ ರೆಫರಿಯು ವೆಪ್ನರ್ ಅವರ ಸ್ಥಿತಿಯನ್ನು ಕಂಡು ಸ್ಪರ್ಧೆಯನ್ನು ನಿಲ್ಲಿಸಿದರು. ಈ ಕಾದಾಟವನ್ನು ನೋಡಿದ ಸಿಲ್ವೆಸ್ಟರ್ ಸ್ಟಲೋನ್ ಎಂಬ ಅಪರಿಚಿತ ನಟ ಕೆಲವೇ ದಿನಗಳಲ್ಲಿ ‘ರಾಕಿ’ಯ ಮೊದಲ ಕರಡನ್ನು ಬರೆದರು. ಹಸ್ತಪ್ರತಿಯನ್ನು ಕೊಳ್ಳಬಂದವರು ಹೆಸರಾಂತ ನಟರನ್ನು ನಾಯಕನನ್ನಾಗಿ ಬಯಸಿದಾಗ, ಆ ಪಾತ್ರವನ್ನು ತಾವೇ ವಹಿಸುವುದಾದರೆ ಮಾತ್ರ ಕೊಡುವುದಾಗಿ ಹಟ ಹಿಡಿದರು. ಜಾನ್ ಜಿ. ಆವಿಲ್ಡ್‌ಸನ್ ಅವರ ನಿರ್ದೇಶನದಲ್ಲಿ, ಸುಮಾರು 10 ಲಕ್ಷ ಡಾಲರುಗಳ ವೆಚ್ಚದಲ್ಲಿ, 28 ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಅಮೆರಿಕದಲ್ಲಿಯೇ ಚಿತ್ರದ ಗಳಿಕೆ 11 ಕೋಟಿ ಡಾಲರುಗಳನ್ನು ಮೀರಿತು. 1977ರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ ಮತ್ತು ಸಂಕಲನಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು.

ಆ ವರ್ಷ ಪ್ರಶಸ್ತಿಗಾಗಿ ಇದರೊಡನೆ ಕಣದಲ್ಲಿದ್ದ ಚಿತ್ರಗಳಲ್ಲಿ ‘ಟ್ಯಾಕ್ಸಿ ಡ್ರೈವರ್’, ‘ನೆಟ್‌ವರ್ಕ್’, ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಇದ್ದವು. ಮೊದಲನೆಯದು ನಗರದ ಒಂಟಿತನವನ್ನೂ ಎರಡನೆಯದು ದೂರದರ್ಶನೋದ್ಯಮದ ಲಜ್ಜೆಗೇಡಿತನವನ್ನೂ ಮೂರನೆಯದು ಪ್ರಭುತ್ವದ ವಂಚನೆಯನ್ನೂ ವಸ್ತುವಾಗಿ ಉಳ್ಳವು. ನಿಕ್ಸನ್ ಅವರ ರಾಜೀನಾಮೆ 1974ರಲ್ಲಿ, ವಿಯೆಟ್ನಾಂ ಯುದ್ಧದ ಕೊನೆ 1975ರಲ್ಲಿ. ಇಂಥ ಸಂದರ್ಭದಲ್ಲಿ ‘ರಾಕಿ’ಯು ಪ್ರಶ್ನೆಗಳಿಂದ ಮುಖ ತಿರುಗಿಸಿದ ಸಮಾಧಾನದ ಚಿತ್ರವೆಂಬ ಟೀಕೆ ಹುಟ್ಟಿದ್ದು ಸಹಜ. ಈ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಕೇವಲ ಸಮಾಧಾನದಿಂದ ಒಂದು ಕೃತಿ ಐದು ದಶಕ ಬಾಳಲಾರದು. ಸಮಾಧಾನ ಹೇಳಿದ ಎಷ್ಟೋ ಚಿತ್ರಗಳು ಆಯಾ ವರ್ಷದೊಡನೆಯೇ ಮರೆತುಹೋಗಿವೆ. ಆದ್ದರಿಂದ ಚಿತ್ರದ ಒಡಲನ್ನೇ ನೋಡುವುದು ಅವಶ್ಯ.

3

ಚಿತ್ರದ ಆರಂಭದಲ್ಲಿ ಕಾಣುವುದು ಗೋಡೆಯ ಮೇಲಿನ ಕ್ರಿಸ್ತನ ಮುಖ. ಕ್ಯಾಮರಾ ಕೆಳಗಿಳಿದಾಗ ಆ ಚಿತ್ರದ ಅಡಿಯಲ್ಲಿ ಮಬ್ಬು ಬೆಳಕಿನ ಬಾಕ್ಸಿಂಗ್ ಕಣ, ಹೊಗೆ, ಬೈಗುಳ. ಆ ಕ್ಲಬ್ಬಿನ ಹೆಸರಿನಲ್ಲಿ ಪುನರುತ್ಥಾನದ ಮಾತಿದೆ. ಅಲ್ಲಿ ಕಾದಾಡುವವರಿಗಾದರೋ ಮರುದಿನದ ಬಾಡಿಗೆಯದೇ ಚಿಂತೆ. ರಾಕಿ ಆ ಸ್ಪರ್ಧೆಯನ್ನು ಗೆಲ್ಲುತ್ತಾನೆ. ಕಡಿತಗಳೆಲ್ಲ ಕಳೆದು ಅವನ ಕೈಗೆ ಬರುವುದು ನಲವತ್ತು ಚಿಲ್ಲರೆ ಡಾಲರು. ಎರಡು ಗಂಟೆಗಳ ಈ ಚಿತ್ರದಲ್ಲಿ ನಾಯಕನು ಗೆಲ್ಲುವುದು ಇದೊಂದೇ ಕಾದಾಟವನ್ನು, ಮತ್ತು ಆ ಗೆಲುವಿಗೆ ಬೆಲೆಯಿಲ್ಲ. ಚಿತ್ರದ ಮೊದಲ ಹತ್ತು ನಿಮಿಷಗಳಲ್ಲಿಯೇ ಗೆಲುವಿಗೂ ಘನತೆಗೂ ಇರಬೇಕಾದ ನಂಟು ಕಡಿದುಹೋಗಿರುವುದನ್ನು ನಾವು ಗುರುತಿಸಬೇಕು.

ರಾಕಿಯ ಜೀವನೋಪಾಯವು ಬಾಕ್ಸಿಂಗಿನಿಂದ ನಡೆಯುವುದಿಲ್ಲ. ನಮ್ಮಲ್ಲಿ ಮೀಟರ್ ಬಡ್ಡಿ ಎನ್ನುವಂಥ ವ್ಯವಹಾರ ಮಾಡುವ ಗ್ಯಾಜೊ ಎಂಬವನ ಪರವಾಗಿ ಅವನು ಸಾಲ ವಸೂಲಿ ಮಾಡುತ್ತಾನೆ. ಬಂದರಿನ ಕೂಲಿಯೊಬ್ಬ ಬಾಕಿ ಕೊಡಲಾರದಾದಾಗ ಅವನ ಹೆಬ್ಬೆರಳನ್ನು ಮುರಿಯಬೇಕೆಂಬುದು ಧಣಿಯ ಅಪ್ಪಣೆ, ರಾಕಿ ಮುರಿಯುವುದಿಲ್ಲ. ಬೆರಳಿಲ್ಲದವನು ದುಡಿಯಲಾರ, ದುಡಿಯದವನು ತೀರಿಸಲಾರ ಎಂಬ ಸರಳ ತರ್ಕವನ್ನು ಅವನು ಧಣಿಯ ಮುಂದಿಡುತ್ತಾನೆ. ಕೈಯೇ ಬಂಡವಾಳವಾದವನು ಇನ್ನೊಬ್ಬ ಶ್ರಮಜೀವಿಯ ಕೈಯ ಬೆಲೆಯನ್ನು ಬಲ್ಲ. ಬೀದಿಮೂಲೆಯಲ್ಲಿ ಪೀಪಾಯಿಗೆ ಬೆಂಕಿ ಹಾಕಿ ಹಾಡುತ್ತ ನಿಂತ ಹುಡುಗರು, ಕಸಾಯಿಖಾನೆಯಲ್ಲಿ ದುಡಿದು ಕುಡಿತಕ್ಕೆ ಬಿದ್ದ ಗೆಳೆಯ ಪಾಲಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ತಲೆ ತಗ್ಗಿಸಿ ಕುಳಿತ ಅವನ ತಂಗಿ ಏಡ್ರಿಯನ್, ಇವರೆಲ್ಲ ಕಾರ್ಖಾನೆಗಳನ್ನು ಕಳೆದುಕೊಳ್ಳುತ್ತಿದ್ದ ಎಪ್ಪತ್ತರ ದಶಕದ ಫಿಲಡೆಲ್ಫಿಯಾದ ಜನ. ಜಗತ್ಪ್ರಸಿದ್ಧ ಸವಾಲು ರಾಕಿಯ ಬಳಿಗೆ ಬರುವುದು ಚಿತ್ರ ಹೆಚ್ಚುಕಡಿಮೆ ಅರ್ಧ ಮುಗಿದ ಮೇಲೆ. ಅಲ್ಲಿಯವರೆಗೆ ನಾವು ನೋಡಿದ್ದು ಕ್ರೀಡೆಯ ಚಿತ್ರವನ್ನಲ್ಲ, ಒಂದು ಬಡಾವಣೆಯ ಚಳಿಗಾಲವನ್ನು.

ಈ ಭಾಗದ ಶ್ರೇಷ್ಠ ದೃಶ್ಯವೊಂದನ್ನು ವಿಶೇಷವಾಗಿ ಹೆಸರಿಸಬೇಕು. ಗರಡಿಯ ಯಜಮಾನ ಮಿಕಿ ವರ್ಷಾನುಗಟ್ಟಲೆ ರಾಕಿಯನ್ನು ಕಡೆಗಣಿಸಿದವನು. ಅವನು ಬಳಸುತ್ತಿದ್ದ ಬೀರುವನ್ನೂ ಇನ್ನೊಬ್ಬ ಹುಡುಗನಿಗೆ ಕೊಟ್ಟವನು. ಸವಾಲಿನ ಸುದ್ದಿ ಹರಡಿದ ಮೇಲೆ ಅದೇ ಮುದುಕ ರಾಕಿಯ ಕೋಣೆಗೆ ಬಂದು, ತನ್ನನ್ನು ಮ್ಯಾನೇಜರನಾಗಿ ಸ್ವೀಕರಿಸಬೇಕೆಂದು ಬಹುತೇಕ ಬೇಡಿಕೊಳ್ಳುತ್ತಾನೆ. ರಾಕಿ ಒಪ್ಪುವುದಿಲ್ಲ. ಮುದುಕ ಮೆಟ್ಟಿಲಿಳಿದು ಹೋದ ಮೇಲೆ ಅವನು ಖಾಲಿ ಕೋಣೆಯಲ್ಲಿ ಹತ್ತು ವರ್ಷಗಳ ಸಿಟ್ಟನ್ನೆಲ್ಲ ಕೂಗಿ ಹೊರಹಾಕುತ್ತಾನೆ. ಆ ಕೂಗು ಹೊರಗೆ ನಡೆಯುತ್ತಿರುವ ಮುದುಕನಿಗೆ ಕೇಳಿಸುತ್ತದೆ. ಆಮೇಲೆ ರಾಕಿ ಬೀದಿಗೆ ಓಡುತ್ತಾನೆ. ಕ್ಯಾಮರಾ ದೂರದಲ್ಲಿಯೇ ನಿಲ್ಲುತ್ತದೆ. ಇಬ್ಬರೂ ಏನು ಮಾತಾಡಿದರೆಂಬುದು ನಮಗೆ ಕೇಳಿಸುವುದಿಲ್ಲ. ಕತ್ತಲ ಬೀದಿಯಲ್ಲಿ ಎರಡು ಆಕೃತಿಗಳು ಕೈ ಕುಲುಕಿದ್ದು ಮಾತ್ರ ಕಾಣುತ್ತದೆ. ಸಿಟ್ಟನ್ನು ಕೇಳಿಸಿ ಕ್ಷಮೆಯನ್ನು ಕೇಳಿಸದೆ ಬಿಟ್ಟಿರುವುದು ಔಚಿತ್ಯಪೂರ್ಣವಾದ ಸಂಯಮ. ಭಾವುಕತೆಯ ಆರೋಪವನ್ನು ಹೊತ್ತ ಚಿತ್ರದಲ್ಲಿ ಇಂಥ ಸಂಯಮವೂ ಇದೆ ಎಂಬುದನ್ನು ವಿಮರ್ಶೆ ಮರೆಯಬಾರದು.

ಇದೇ ಮಾತನ್ನು ಎಲ್ಲ ದೃಶ್ಯಗಳ ಬಗ್ಗೆ ಹೇಳಲಾಗದು. ಏಡ್ರಿಯನ್ ಮೊದಲ ಬಾರಿಗೆ ರಾಕಿಯ ಕೋಣೆಗೆ ಬಂದು, ಅಂಜಿ ಹೊರಡಲು ಎದ್ದಾಗ ಅವನು ಬಾಗಿಲಿನಲ್ಲಿ ಅಡ್ಡ ನಿಲ್ಲುತ್ತಾನೆ. ಚಿತ್ರ ಇದನ್ನು ಪ್ರಣಯದ ಆರಂಭವೆಂದು ಕಾಣುತ್ತದೆ. ಇಂದಿನ ಪ್ರೇಕ್ಷಕಿ ಹಾಗೆ ಕಾಣಬೇಕಾಗಿಲ್ಲ. ಟಾಲಿಯಾ ಶೈರ್ ಅವರ ಅಭಿನಯದಿಂದ ಏಡ್ರಿಯನ್ನಳ ಪಾತ್ರಕ್ಕೆ ಮುಂದೆ ಸ್ವಂತ ದನಿಯೊಂದು ದಕ್ಕುವುದು ನಿಜ. ಆದರೂ ಹೆಣ್ಣಿನ ಸಂಕೋಚವನ್ನು ಒಪ್ಪಿಗೆಯೆಂದು ಓದುವ ಹಳೆಯ ರೂಢಿಯಿಂದ ಈ ಚಿತ್ರ ಹೊರಗಿಲ್ಲ.

4

ಮೆಟ್ಟಿಲುಗಳ ದೃಶ್ಯಕ್ಕೆ ಮರಳೋಣ. ಅದರ ಹಿಂದೆ ಒಂದು ತಾಂತ್ರಿಕ ಇತಿಹಾಸವಿದೆ. ಗ್ಯಾರೆಟ್ ಬ್ರೌನ್ ಅವರು ಕ್ಯಾಮರಾವನ್ನು ಮೈಗೆ ಕಟ್ಟಿಕೊಂಡು ಓಡುತ್ತಿದ್ದರೂ ಚಿತ್ರ ಅಲುಗದಂತೆ ಮಾಡುವ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ರೂಪಿಸಿದ್ದರು. ಅದರ ಶಕ್ತಿಯನ್ನು ತೋರಿಸಲು ಅವರು ತೆಗೆದ ಮಾದರಿ ತುಣುಕುಗಳಲ್ಲಿ ಅವರ ಗೆಳತಿ ಇದೇ ಮೆಟ್ಟಿಲುಗಳನ್ನು ಓಡುತ್ತ ಏರಿಳಿದಿದ್ದರು. ಅದನ್ನು ಕಂಡ ಆವಿಲ್ಡ್‌ಸನ್ ಆ ಮೆಟ್ಟಿಲುಗಳು ಎಲ್ಲಿವೆಯೆಂದು ವಿಚಾರಿಸಿದರು. ವೀರತ್ವದ ಪ್ರತಿಮೆಯೆಂದು ಜಗತ್ತು ಸ್ವೀಕರಿಸಿದ ಈ ದೃಶ್ಯ ಮೊದಲು ಒಂದು ಯಂತ್ರದ ಪ್ರಾತ್ಯಕ್ಷಿಕೆಯಾಗಿತ್ತು.

ಚಿತ್ರದಲ್ಲಿ ರಾಕಿ ಈ ಮೆಟ್ಟಿಲುಗಳನ್ನು ಎರಡು ಸಲ ಏರುತ್ತಾನೆ. ಮೊದಲ ದಿನದ ನಸುಕಿನಲ್ಲಿ ಏದುಸಿರು ಬಿಡುತ್ತ, ಪಕ್ಕೆ ಹಿಡಿದುಕೊಂಡು, ಕಷ್ಟದಿಂದ ಏರಿ ಹಾಗೆಯೇ ಇಳಿದುಹೋಗುತ್ತಾನೆ. ಎರಡನೆಯ ಸಲ ಬಿಲ್ ಕಾಂಟಿಯವರ ಸಂಗೀತ ಅವನನ್ನು ಎತ್ತಿ ಒಯ್ಯುತ್ತದೆ. ಎರಡನೆಯ ಏರಿಕೆಗೆ ಅರ್ಥ ಬರುವುದು ಮೊದಲನೆಯದರಿಂದ. ಅದಕ್ಕಿಂತ ಮುಖ್ಯವಾಗಿ, ಅವನು ಕೈಯೆತ್ತಿ ಕುಣಿಯುವ ಹೊತ್ತಿಗೆ ಯಾರನ್ನೂ ಗೆದ್ದಿಲ್ಲ. ಅಲ್ಲಿ ನೋಡುವವರೂ ಇಲ್ಲ. ನಿನ್ನೆ ಆಗದ್ದು ಇಂದು ಆಯಿತೆಂಬ ಖಾಸಗಿ ಸಂತೋಷ ಅದು. ಲೋಕದ ನೆನಪು ಇದನ್ನು ಸಾರ್ವಜನಿಕ ವಿಜಯೋತ್ಸವವಾಗಿ ಮಾರ್ಪಡಿಸಿಕೊಂಡಿದೆ.

ಚಿತ್ರದ ನಿಜವಾದ ನಡುಬಿಂದು ಬೇರೆಡೆ ಇದೆ. ಸ್ಪರ್ಧೆಯ ಹಿಂದಿನ ರಾತ್ರಿ ರಾಕಿ ಒಬ್ಬನೇ ಖಾಲಿ ಕ್ರೀಡಾಂಗಣಕ್ಕೆ ಹೋಗುತ್ತಾನೆ. ಅಲ್ಲಿ ತೂಗುಹಾಕಿದ ತನ್ನ ದೊಡ್ಡ ಚಿತ್ರದಲ್ಲಿ ಚಡ್ಡಿಯ ಬಣ್ಣ ತಪ್ಪಾಗಿರುವುದನ್ನು ಗಮನಿಸಿ ಆಯೋಜಕನಿಗೆ ತಿಳಿಸುತ್ತಾನೆ. ಅದರಿಂದ ಏನು ವ್ಯತ್ಯಾಸವಾದೀತೆಂಬ ಧಾಟಿಯಲ್ಲಿ ಆಯೋಜಕ ಉತ್ತರಿಸುತ್ತಾನೆ. ಈ ಸಣ್ಣ ಮಾತಿನಲ್ಲಿ ರಾಕಿಗೆ ತನ್ನ ಸ್ಥಾನ ಯಾವುದೆಂಬುದು ಹೊಳೆಯುತ್ತದೆ: ಈ ಪ್ರದರ್ಶನಕ್ಕೆ ಅವನ ಹೆಸರು ಬೇಕು, ಅವನು ಬೇಕಾಗಿಲ್ಲ. ಮನೆಗೆ ಮರಳಿ ಏಡ್ರಿಯನ್ನಳ ಪಕ್ಕದಲ್ಲಿ ಮಲಗಿ ಅವನು ತಾನು ಗೆಲ್ಲಲಾರೆನೆಂದು ಒಪ್ಪಿಕೊಳ್ಳುತ್ತಾನೆ. ಕೊನೆಯ ಗಂಟೆ ಬಾರಿಸಿದಾಗ ತಾನಿನ್ನೂ ನಿಂತಿದ್ದರೆ ಸಾಕು, ತಾನು ಬಡಾವಣೆಯ ಮತ್ತೊಬ್ಬ ಪುಂಡನಲ್ಲವೆಂದು ತನಗೆ ತಿಳಿಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ.

ಇಲ್ಲಿ ಗೆಲುವಿನ ಅಳತೆ ಲೋಕದ ಕೈಯಿಂದ ವ್ಯಕ್ತಿಯ ಕೈಗೆ ಬರುತ್ತದೆ. ಆದ್ದರಿಂದಲೇ ಕೊನೆಯ ದೃಶ್ಯದಲ್ಲಿ ತೀರ್ಪಿನ ಘೋಷಣೆ ಗದ್ದಲದಲ್ಲಿ ಕರಗಿಹೋಗುತ್ತದೆ. ಮುನ್ನೆಲೆಯಲ್ಲಿ ಕೇಳುವುದು ಏಡ್ರಿಯನ್ನಳನ್ನು ಕರೆಯುವ ರಾಕಿಯ ಕೂಗು. ಎಷ್ಟೋ ಪ್ರೇಕ್ಷಕರಿಗೆ ಯಾರು ಗೆದ್ದರೆಂಬುದು ನೆನಪಿರದಿದ್ದರೆ ಅದಕ್ಕೆ ಚಿತ್ರದ ಧ್ವನಿವಿನ್ಯಾಸವೂ ಕಾರಣ. ಒಂದರ್ಥದಲ್ಲಿ ಪ್ರೇಕ್ಷಕರ ಮರೆವು ಚಿತ್ರದ ಆಶಯಕ್ಕೆ ಸಂದ ಗೌರವ; ಇನ್ನೊಂದರ್ಥದಲ್ಲಿ ಅದು ಅಪಚಾರ. ತೀರ್ಪು ಮುಖ್ಯವಲ್ಲ ಎಂದು ಚಿತ್ರ ಹೇಳಿತು. ಹಾಗಾದರೆ ತೀರ್ಪು ಅವನ ಪರವಾಗಿಯೇ ಬಂದಿರಬೇಕೆಂದು ಲೋಕ ತಿಳಿಯಿತು.

ಕನ್ನಡದ ಓದುಗರಿಗೆ ಈ ಅಳತೆ ಅಪರಿಚಿತವಲ್ಲ. ಪಂಪನು ತನ್ನ ಭಾರತದ ವ್ಯಕ್ತಿಗಳಿಗೆ ಒಂದೊಂದು ಗುಣವನ್ನು ಹೆಸರಿಸುವಾಗ ದುರ್ಯೋಧನನಿಗೆ ಸಲ್ಲಿಸುವುದು ಛಲವನ್ನು. ಸೋಲು ಖಚಿತವೆಂದು ತಿಳಿದೂ ಕಣವನ್ನು ಬಿಡದ ನಿಲುವಿಗೆ ನಮ್ಮ ಕಾವ್ಯಪರಂಪರೆಯಲ್ಲಿ ಇರುವ ಹೆಸರು ಅದು; ರನ್ನನ ಗದಾಯುದ್ಧದ ಗಾಂಭೀರ್ಯಕ್ಕೂ ಅದೇ ಮೂಲ. ಆದರೆ ಸಾಮ್ಯವನ್ನು ಎಳೆದಾಡಬಾರದು. ದುರ್ಯೋಧನನ ಛಲ ಅರಸನ ಛಲ, ಕಳೆದುಕೊಳ್ಳಲು ರಾಜ್ಯವಿದ್ದವನದು. ರಾಕಿಗೆ ಕಳೆದುಕೊಳ್ಳಲು ಏನೂ ಇಲ್ಲ. ತಾನು ಯಾರೆಂಬುದನ್ನು ಗಳಿಸಿಕೊಳ್ಳುವುದಷ್ಟೇ ಇದೆ. ವೀರಕಾವ್ಯದ ಮೌಲ್ಯವೊಂದು ಬಾಡಿಗೆ ಕೋಣೆಯಲ್ಲಿ ಆಮೆ ಸಾಕಿಕೊಂಡಿರುವ ವಸೂಲಿಗಾರನ ಪಾಲಿಗೆ ಬಂದದ್ದು ಈ ಚಿತ್ರದ ವಿಶೇಷ.

ಈ ವಾದಕ್ಕೆ ಸರಣಿಯ ಮುಂದಿನ ಚಿತ್ರಗಳೇ ಸಾಕ್ಷಿ. 1979ರ ಎರಡನೆಯ ಚಿತ್ರದಲ್ಲಿ ರಾಕಿ ಗೆದ್ದ. 1982 ಮತ್ತು 1985ರ ಚಿತ್ರಗಳಲ್ಲಿ ಮತ್ತೆ ಗೆದ್ದ. ಗೆದ್ದಷ್ಟೂ ಅವನು ಮನುಷ್ಯನಾಗಿ ತೆಳುವಾದ. 2006ರ ‘ರಾಕಿ ಬಲ್ಬೋವ’ದಲ್ಲಿ ಮುದಿ ರಾಕಿಯೂ, 2015ರ ‘ಕ್ರೀಡ್’ನಲ್ಲಿ ಅವನ ಶಿಷ್ಯನೂ ಕೊನೆಯ ಗಂಟೆಯವರೆಗೆ ನಿಂತು, ಮೊದಲ ಚಿತ್ರದಂತೆಯೇ ತೀರ್ಪುಗಾರರ ಬಹುಮತದಿಂದ ಸೋತರು. ಸರಣಿಗೆ ಕಳೆದುಕೊಂಡ ಘನತೆ ಮರಳಿ ಬಂದದ್ದು ಅದು ಸೋಲಿಗೆ ಮರಳಿದಾಗ.

5

ಇಲ್ಲಿಯವರೆಗೆ ನಾವು ಚಿತ್ರದ ಪರವಾಗಿ ಮಾತಾಡಿದ್ದೇವೆ. ಅದು ತೀರಿಸದ ಎರಡು ಋಣಗಳನ್ನು ಈಗ ಎಣಿಸಬೇಕು. ಮೊದಲನೆಯದು ಕಪ್ಪು ಜನಾಂಗದ ಬಾಕ್ಸರುಗಳ ಋಣ.

ಎದುರಾಳಿ ಅಪೋಲೊ ಕ್ರೀಡ್ ಪಾತ್ರವನ್ನು ಕಾರ್ಲ್ ವೆದರ್ಸ್ ವಹಿಸಿದ್ದಾರೆ. ಅವನ ವಾಚಾಳಿತನ, ಚುರುಕು, ಪ್ರದರ್ಶನಪ್ರಿಯತೆಗಳ ಹಿಂದೆ ಅಲಿಯವರ ನೆರಳಿರುವುದು ಸ್ಪಷ್ಟ. ಆದರೆ ಸೈನ್ಯಕ್ಕೆ ಸೇರಲು ನಿರಾಕರಿಸಿ ಪಟ್ಟವನ್ನು ಕಳೆದುಕೊಂಡ ಅಲಿ ಇಲ್ಲಿಲ್ಲ. ಅವರ ರಾಜಕೀಯವನ್ನು ಕಳಚಿ ಮಾತುಗಾರಿಕೆಯನ್ನು ಮಾತ್ರ ಉಳಿಸಿಕೊಂಡ ಕ್ರೀಡ್ ವ್ಯಾಪಾರಿಯಾಗಿದ್ದಾನೆ. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರ ಮೊದಲ ದಿನದಂದು, ಸ್ವಾತಂತ್ರ್ಯ ಘೋಷಣೆಯಾದ ನಗರದಲ್ಲಿ, ಅನಾಮಧೇಯನೊಬ್ಬನಿಗೆ ಅವಕಾಶ ಕೊಟ್ಟು ಜಾಹೀರಾತು ಗಳಿಸುವುದು ಅವನ ಯೋಜನೆ. ಅವನು ಜಾರ್ಜ್ ವಾಷಿಂಗ್ಟನ್ನನ ವೇಷದಲ್ಲಿ ಕಣಕ್ಕೆ ಬರುತ್ತಾನೆ. ಇತಿಹಾಸದಲ್ಲಿ ಅವಕಾಶ ವಂಚಿತವಾದದ್ದು ಯಾವ ಸಮುದಾಯ, ಇಲ್ಲಿ ಅವಕಾಶವನ್ನು ದಾನ ಮಾಡುತ್ತಿರುವವನು ಯಾವ ಸಮುದಾಯದವನು ಎಂದು ಕೇಳಿಕೊಂಡರೆ ಈ ತಲೆಕೆಳಗಿನ ಚಿತ್ರದ ರಾಜಕೀಯ ಅರ್ಥವಾಗುತ್ತದೆ. 1979ರಲ್ಲಿ ಎರಡನೆಯ ಚಿತ್ರವನ್ನು ವಿಮರ್ಶಕ ರೋಜರ್ ಈಬರ್ಟ್ ಅವರೊಡನೆ ನೋಡಿದ ಅಲಿಯವರೇ ಈ ಮಾತನ್ನು ಎತ್ತಿದ್ದರು: ಕಪ್ಪು ಮನುಷ್ಯ ಮೇಲುಗೈಯಾಗಿ ಹೊರಬರುವುದು ಅಮೆರಿಕ ಕಲಿಸಿದ ಪಾಠಕ್ಕೆ ವಿರುದ್ಧವಾಗುತ್ತದೆ, ತಾವು ಬಾಕ್ಸಿಂಗಿನಲ್ಲಿ ಅಷ್ಟು ದೊಡ್ಡವರಾದ್ದರಿಂದಲೇ ರಾಕಿಯಂಥ ಪ್ರತಿಮೆಯನ್ನು ಸೃಷ್ಟಿಸಬೇಕಾಯಿತು ಎಂಬುದು ಅವರ ಅಭಿಪ್ರಾಯದ ಸಾರ.

ಇನ್ನೊಂದು ಸಂಗತಿ ಇದಕ್ಕಿಂತ ಕಟುವಾದುದು. ಫಿಲಡೆಲ್ಫಿಯಾಕ್ಕೆ ಸ್ವಂತದ ಚಾಂಪಿಯನ್ ಒಬ್ಬರಿದ್ದರು: ಜೋ ಫ್ರೇಜಿಯರ್. ದಕ್ಷಿಣದ ಬಡ ಒಕ್ಕಲು ಕುಟುಂಬದಿಂದ ಬಂದು ಈ ನಗರದ ಕಸಾಯಿಖಾನೆಯಲ್ಲಿ ದುಡಿದವರು. 1971ರಲ್ಲಿ ಅಲಿಯವರನ್ನು ಸೋಲಿಸಿದವರು. ತೂಗುಹಾಕಿದ ಮಾಂಸಕ್ಕೆ ಗುದ್ದಿ ಅಭ್ಯಾಸ ಮಾಡುವುದು, ಮೆಟ್ಟಿಲುಗಳನ್ನು ಓಡಿ ಏರುವುದು ತಮ್ಮ ಬದುಕಿನಿಂದ ತೆಗೆದುಕೊಂಡವು ಎಂದು ಅವರು ಹೇಳಿಕೊಂಡರು. ಚಿತ್ರದಲ್ಲಿ ಫ್ರೇಜಿಯರ್ ಸ್ವತಃ ಕೆಲವು ಕ್ಷಣ ಅತಿಥಿಯಾಗಿ ಕಾಣಿಸಿಕೊಂಡು ಕೈಬೀಸಿ ಹೋಗುತ್ತಾರೆ. ಮೂರನೆಯ ಚಿತ್ರಕ್ಕಾಗಿ ಮಾಡಿಸಿದ ರಾಕಿಯ ಕಂಚಿನ ಪ್ರತಿಮೆ 1982ರಲ್ಲಿಯೇ ನಗರಕ್ಕೆ ಬಂತು; 2006ರಲ್ಲಿ ಅದನ್ನು ಆ ಮೆಟ್ಟಿಲುಗಳ ಬುಡದ ಬಳಿ ಸ್ಥಾಪಿಸಲಾಯಿತು. ಬದುಕಿ, ಬೆವರಿ, ಗೆದ್ದ ಫ್ರೇಜಿಯರ್ ಅವರ ಪ್ರತಿಮೆ ಫಿಲಡೆಲ್ಫಿಯಾದಲ್ಲಿ ಎದ್ದದ್ದು 2015ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ. ಕಲ್ಪಿತ ನಾಯಕನಿಗೆ ಸಿಕ್ಕ ಮನ್ನಣೆ ನಿಜವಾದ ನಾಯಕನಿಗೆ ಮೂರು ದಶಕ ತಡವಾಗಿ ಸಿಕ್ಕಿತು.

ಹಾಗೆಂದು ಚಿತ್ರ ಈ ವಿಷಯದಲ್ಲಿ ಪೂರ್ತಿ ಕುರುಡಾಗಿಲ್ಲ. ಮದ್ಯದಂಗಡಿಯ ಮಾಲೀಕ ಕ್ರೀಡ್‌ನನ್ನು ಜನಾಂಗದ್ವೇಷದ ಮಾತಿನಿಂದ ವಿದೂಷಕನೆಂದು ಹಳಿದಾಗ ರಾಕಿ ಒಪ್ಪುವುದಿಲ್ಲ. ಅವನು ಅವಕಾಶವನ್ನು ಹಿಡಿದು ಚಾಂಪಿಯನ್ ಆದವನು, ನೀನು ಏನನ್ನು ಪ್ರಯತ್ನಿಸಿದ್ದೀಯೆ ಎಂಬರ್ಥದಲ್ಲಿ ಕೇಳಿ ಎದ್ದು ಹೋಗುತ್ತಾನೆ. ಕೊನೆಯಲ್ಲಿ ಕ್ರೀಡ್‌ನನ್ನು ಖಳನನ್ನಾಗಿಯೂ ಮಾಡಿಲ್ಲ. ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ ರಾಕಿ ಮತ್ತೆ ಎದ್ದಾಗ ಕ್ರೀಡ್‌ನ ಮುಖದಲ್ಲಿ ಕಾಣುವ ಬೆರಗು ಮತ್ತು ದಣಿವು ಇಬ್ಬರೂ ಒಂದೇ ಕಸುಬಿನವರೆಂದು ಹೇಳುತ್ತದೆ. 2015ರಲ್ಲಿ ನಿರ್ದೇಶಕ ರಯನ್ ಕೂಗ್ಲರ್ ‘ಕ್ರೀಡ್’ನಲ್ಲಿ ಅಪೋಲೊನ ಮಗನನ್ನು ಕಥೆಯ ನಡುವೆ ನಿಲ್ಲಿಸಲು ಸಾಧ್ಯವಾದದ್ದು ಮೊದಲ ಚಿತ್ರ ಉಳಿಸಿಟ್ಟಿದ್ದ ಈ ಗೌರವದಿಂದ.

6

ಎರಡನೆಯ ಋಣ ದೇಹದ್ದು. ಕೊನೆಯ ಗಂಟೆಯವರೆಗೆ ನಿಲ್ಲುವುದೇ ಘನತೆಯ ಅಳತೆಯಾದರೆ ಆ ಅಳತೆಗೆ ಒಳಗಾಗುವ ದೇಹದ ಗತಿಯೇನು?

ಚಿತ್ರ ಸಿದ್ಧವಾಗುತ್ತಿದ್ದ ಕಾಲದ ಇನ್ನೊಂದು ಕಾದಾಟವನ್ನು ಇಲ್ಲಿ ನೆನೆಯಬೇಕು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಮತ್ತು ಫ್ರೇಜಿಯರ್ ಮೂರನೆಯ ಬಾರಿ ಎದುರಾದರು. ಹದಿನಾಲ್ಕು ಸುತ್ತುಗಳಾಗುವ ಹೊತ್ತಿಗೆ ಫ್ರೇಜಿಯರ್ ಅವರ ಕಣ್ಣು ಊದಿ ಮುಚ್ಚಿಕೊಂಡಿತ್ತು. ಹದಿನೈದನೆಯ ಸುತ್ತಿಗೆ ಏಳಲು ಅವರು ಸಿದ್ಧರಿದ್ದರೂ ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ. ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಿದರು. ಆ ವರ್ಷದ ಎರಡು ಕಾದಾಟಗಳನ್ನು ಚಿತ್ರದ ಪಕ್ಕದಲ್ಲಿಟ್ಟರೆ ಒಂದು ಅರ್ಥಪೂರ್ಣ ವಿನ್ಯಾಸ ಕಾಣುತ್ತದೆ. ವೆಪ್ನರ್ ಅವರಿಗೆ ಕೊನೆಯ ಗಂಟೆ 19 ಸೆಕೆಂಡುಗಳಿಂದ ತಪ್ಪಿತು. ಫ್ರೇಜಿಯರ್ ಅವರಿಗೆ ಒಂದು ಸುತ್ತಿನಿಂದ ತಪ್ಪಿತು. ವಾಸ್ತವವು ಇಬ್ಬರಿಗೂ ನಿರಾಕರಿಸಿದ ಆ ಗಂಟೆಯ ನಾದವನ್ನು ಸ್ಟಲೋನ್ ತಮ್ಮ ನಾಯಕನಿಗೆ ಕೊಟ್ಟರು. ಕಲ್ಪನೆ ವಾಸ್ತವದ ಮೇಲೆ ಮಾಡಿದ ತಿದ್ದುಪಡಿ ಅಷ್ಟೇ. ನಾಯಕನಿಗೆ ಪಟ್ಟವನ್ನೇ ಕೊಡಬಹುದಾಗಿದ್ದ ಕಡೆ 19 ಸೆಕೆಂಡುಗಳನ್ನು ಮಾತ್ರ ಕೊಟ್ಟ ಈ ಮಿತವ್ಯಯದಲ್ಲಿ ಚಿತ್ರದ ನಂಬಿಕೆಗೆ ಅರ್ಹವಾದ ಗುಣವೆಲ್ಲ ಅಡಗಿದೆ.

ಆದರೆ ಫಚ್ ಅವರ ನಿರ್ಧಾರದ ವಿವೇಕವನ್ನು ಚಿತ್ರ ಹೇಗೆ ಕಾಣುತ್ತದೆ? ಹದಿನಾಲ್ಕನೆಯ ಸುತ್ತಿನಲ್ಲಿ ರಾಕಿ ಬಿದ್ದಾಗ ಮಿಕಿ ಕೂಡ ಏಳಬೇಡವೆಂದೇ ಕೂಗುತ್ತಾನೆ. ರಾಕಿ ಏಳುತ್ತಾನೆ, ಊದಿದ ರೆಪ್ಪೆಯನ್ನು ಕೊಯ್ಯಿಸಿಕೊಂಡಾದರೂ ನೋಡುತ್ತಾನೆ. ಗುರುವಿನ ಮಾತನ್ನು ಮೀರಿ ಎದ್ದದ್ದರಿಂದ ಅವನ ಛಲ ಸಂಪೂರ್ಣವಾಗಿ ಅವನದೇ ಆಗುತ್ತದೆ. ನಾಟಕೀಯವಾಗಿ ಇದು ಸರಿ. ಆದರೆ ಏಳು ವರ್ಷಗಳೊಳಗೆ ವಾಸ್ತವ ಬೇರೆ ಉತ್ತರ ಕೊಟ್ಟಿತು. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ದುಕ್ ಕೂ ಕಿಮ್ ಎಂಬ ಬಾಕ್ಸರ್ ರೇ ಮ್ಯಾನ್ಸಿನಿಯವರ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದರು. ಅವರು ಎದ್ದು ನಿಲ್ಲಲು ಪ್ರಯತ್ನಿಸಿದರು, ಎದ್ದರು ಕೂಡ. ಕೆಲವು ದಿನಗಳಲ್ಲಿ ಮೆದುಳಿನ ಪೆಟ್ಟಿನಿಂದ ತೀರಿಕೊಂಡರು. ಅದರ ಬೆನ್ನಿಗೇ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಸ್ಪರ್ಧೆಗಳನ್ನು ಹದಿನೈದರಿಂದ ಹನ್ನೆರಡು ಸುತ್ತುಗಳಿಗೆ ಇಳಿಸಿತು. ಆ ದಶಕ ಮುಗಿಯುವುದರೊಳಗೆ ಉಳಿದ ಮುಖ್ಯ ಸಂಸ್ಥೆಗಳೂ ಅದೇ ದಾರಿ ಹಿಡಿದವು. ರಾಕಿ ತನ್ನ ಘನತೆಯನ್ನು ಅಳೆದುಕೊಂಡ ಹದಿನೈದನೆಯ ಸುತ್ತು ಇಂದು ಬಾಕ್ಸಿಂಗಿನಲ್ಲಿಯೇ ಇಲ್ಲ. ಅದನ್ನು ತೆಗೆದುಹಾಕಲು ಒಂದು ಜೀವ ಹೋಗಬೇಕಾಯಿತು.

1990ರ ಐದನೆಯ ಚಿತ್ರದಲ್ಲಿ ರಾಕಿಯ ಮೆದುಳಿಗೆ ಪೆಟ್ಟಾಗಿರುವ ವಿಷಯ ಬರುತ್ತದಾದರೂ ಮೊದಲ ಚಿತ್ರ ಕೊನೆಯ ಅಪ್ಪುಗೆಯಲ್ಲಿ ನಿಂತುಬಿಡುತ್ತದೆ. ಮರುದಿನದ ಬೆಳಗನ್ನು ಅದು ತೋರಿಸುವುದಿಲ್ಲ. ಛಲವನ್ನು ಕೊಂಡಾಡುವ ಕಾವ್ಯ ಹೆಣವನ್ನು ಎಣಿಸದೆ ಮುಗಿಯಬಾರದು; ನಮ್ಮ ವೀರಕಾವ್ಯಗಳು ಎಣಿಸಿವೆ. ಈ ವಿಷಯದಲ್ಲಿ ‘ರಾಕಿ’ ಅವುಗಳಿಗಿಂತ ಕಿರಿದು.

7

ಕೊನೆಯದಾಗಿ, ಈ ಆಕೃತಿ ಭಾರತಕ್ಕೆ ಬಂದಾಗ ಏನಾಯಿತೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಪಾ. ರಂಜಿತ್ ಅವರ 2021ರ ತಮಿಳು ಚಿತ್ರ ‘ಸಾರ್ಪಟ್ಟಾ ಪರಂಬರೈ’ ನಡೆಯುವುದು ಉತ್ತರ ಮದರಾಸಿನ ಶ್ರಮಜೀವಿಗಳ ನಡುವೆ, ತುರ್ತುಪರಿಸ್ಥಿತಿಯ ದಿನಗಳಲ್ಲಿ. ಎಂದರೆ ಫಿಲಡೆಲ್ಫಿಯಾದಲ್ಲಿ ರಾಕಿ ಓಡುತ್ತಿದ್ದ ಅದೇ 1975–76ರ ಸುಮಾರಿನಲ್ಲಿ. ಅಲ್ಲಿಯೂ ಗರಡಿಯಿದೆ, ಗುರುವಿದ್ದಾನೆ, ಕೂಲಿ ಹುಡುಗನಿದ್ದಾನೆ. ಆದರೆ ಅಲ್ಲಿ ಕಬಿಲನ್ ಗೆಲುವಿನ ಅಂಚಿನಲ್ಲಿದ್ದಾಗ ಕಣಕ್ಕೆ ನುಗ್ಗಿದವರು ಅವನ ಬಟ್ಟೆಯನ್ನು ಕಳಚಿ ಅವಮಾನಿಸುತ್ತಾರೆ. ಕೊನೆಯ ಗಂಟೆಯವರೆಗೆ ನಿಂತಿರುವ ಅವಕಾಶವೂ ಅವನಿಗಿಲ್ಲ. ಆದ್ದರಿಂದ ಆ ಚಿತ್ರಕ್ಕೆ ಕೊನೆಯಲ್ಲಿ ಗೆಲುವು ಅನಿವಾರ್ಯವಾಗುತ್ತದೆ. ನಿಂತಿದ್ದರೆ ಸಾಕೆನ್ನಲು ಮೊದಲು ಕಣದಲ್ಲಿ ನಿಲ್ಲುವ ಹಕ್ಕು ಪ್ರಶ್ನಾತೀತವಾಗಿರಬೇಕು. ರಾಕಿಗೆ ಬಡತನವಿತ್ತು, ಆ ಹಕ್ಕನ್ನು ಮಾತ್ರ ಯಾರೂ ಪ್ರಶ್ನಿಸಿರಲಿಲ್ಲ. ಸೋಲನ್ನು ಘನತೆಯಾಗಿ ಮಾರ್ಪಡಿಸಿಕೊಳ್ಳುವ ಸೌಲಭ್ಯವೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬ ಅರಿವನ್ನು ಈ ಹೋಲಿಕೆ ಕೊಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ‘ರಾಕಿ’ ಉಳಿಯುತ್ತದೆ. ಬಹುಪಾಲು ಮನುಷ್ಯರು ತಮ್ಮ ಬದುಕಿನಲ್ಲಿ ಯಾವ ಪಟ್ಟವನ್ನೂ ಗೆಲ್ಲುವುದಿಲ್ಲ. ಗೆಲ್ಲುವರೆಂಬ ಸುಳ್ಳನ್ನು ಮೊದಲ ಚಿತ್ರ ಹೇಳಲಿಲ್ಲ. ಹಿಂದಿನ ರಾತ್ರಿ ಮಂಚದಂಚಿನಲ್ಲಿ ತನ್ನ ಮಿತಿಯನ್ನು ಒಪ್ಪಿಕೊಂಡು, ಆ ಮಿತಿಯೊಳಗೇ ಒಂದು ಗುರಿಯನ್ನು ಇಟ್ಟುಕೊಂಡು, ಮರುದಿನ ಅದನ್ನು ಮುಟ್ಟಿದವನ ಕಥೆ ಅದು. ಆ ಕಥೆಯನ್ನು ಮೆಟ್ಟಿಲುಗಳ ಮೇಲಿನ ವಿಜಯವಾಗಿ ಮಾತ್ರ ನೆನೆಯುವುದೆಂದರೆ ಅದರ ಸತ್ಯವನ್ನು ಬಿಟ್ಟು ಸಂಗೀತವನ್ನು ಉಳಿಸಿಕೊಂಡಂತೆ. ವಿಮರ್ಶೆಯ ಕೆಲಸ ಆ ಸೋಲನ್ನು ಅದರ ಸ್ಥಾನದಲ್ಲಿ ಮರಳಿ ಇಡುವುದು. ಅದರ ಜೊತೆಗೆ ಫ್ರೇಜಿಯರ್ ಅವರ ಹೆಸರನ್ನೂ ಕಿಮ್ ಅವರ ಹೆಸರನ್ನೂ ಇಡುವುದು. ಅವರಿಬ್ಬರನ್ನೂ ನೆನೆಯುತ್ತ ನೋಡಿದಾಗ ಹದಿನೈದನೆಯ ಸುತ್ತಿನ ಆ ಗಂಟೆ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳುತ್ತದೆ; ಅದರ ಬೆಲೆಯೂ ಕೇಳುತ್ತದೆ.